24ರಿಂದ 8ಕ್ಕೆ: ಒಬ್ಬ ತೈ ಚಿ ಶಿಕ್ಷಕಿ ಕಲಿಸುವ ರೀತಿ ಬದಲಿಸಿಕೊಂಡ ಪ್ರಕರಣ

ಇದು ಒಂದೇ ಒಂದು ತೈ ಚಿ ತರಗತಿಯ ವಿಷಯ. ತೈ ಚಿ ಅಂದರೆ ಚಲನೆಗಳನ್ನು ಒಂದರ ಹಿಂದೊಂದು ನಿಧಾನವಾಗಿ ಮಾಡುವ ಚೀನೀ ಕಲೆ, ಹಾಗೆ ಜೋಡಿಸಿದ ಚಲನೆಗಳನ್ನೇ ಸರಣಿ ಅನ್ನುವುದು. ಶಿಕ್ಷಕಿ ಒಬ್ಬರು, ಕಲಿಯಲು ಬಂದವರು 14 ಜನ. ನಾನು ಅಲ್ಲಿ ಸಹಾಯಕ್ಕೆ ಇದ್ದೆ. ಹಿಂದೆ ನಿಂತುಕೊಂಡು, ಯಾರಾದರೂ ದಾರಿ ತಪ್ಪಿದರೆ ಪಕ್ಕಕ್ಕೆ ಹೋಗಿ ತೋರಿಸುವುದು ನನ್ನ ಕೆಲಸ. ಶಿಕ್ಷಕಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಇನ್ನೊಂದಿಷ್ಟು ವಿವರ ಬದಲಿಸಿದ್ದೇನೆ. ಅವರನ್ನು ಮೇಡಂ ಅಂತಲೇ ಕರೆಯುತ್ತೇನೆ, ತರಗತಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ನೀವೂ ಕಲಿಸುವವರಾಗಿದ್ದರೆ, ತೈ ಚಿಯನ್ನೇ ಅಂತ ಅಲ್ಲ, ಮೈ ಬಳಸಿ ಮಾಡುವ ಯಾವುದನ್ನೇ ಕಲಿಸುತ್ತಿದ್ದರೂ, ಇದು ನಿಮಗೆ ಉಪಯೋಗಕ್ಕೆ ಬರಬಹುದು.

ಮೇಡಂ ಕಲಿತ ರೀತಿ

ಮೇಡಂಗೆ ನಲವತ್ತರ ಕೊನೆಯ ವಯಸ್ಸು. ಅವರು ಶುರು ಮಾಡಿದ್ದು ವುಶು, ಅಂದರೆ ಚೀನೀ ಸಮರಕಲೆಯ ಸ್ಪರ್ಧೆಗಳಿಂದ, ಹದಿನೈದರ ವಯಸ್ಸಿನಲ್ಲಿ. ಸ್ಪರ್ಧೆಗೆ ಅಂತಲೇ ಅಭ್ಯಾಸ ಮಾಡಿದ್ದು 42 ಚಲನೆಗಳ ಸರಣಿ. ಚೆನ್, ಯಾಂಗ್, ವು, ಸುನ್ ಅನ್ನುವ ತೈ ಚಿ ಶೈಲಿಗಳಿಂದ ಆಯ್ದು ಜೋಡಿಸಿ ಚೀನಾದಲ್ಲಿ 1989ರಲ್ಲಿ ಸಿದ್ಧ ಮಾಡಿದ್ದು ಅದು, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ. ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣಿಗೆ ಬೀಳಬೇಕು. ನಿಲುವು ಕೆಳಗಿರಬೇಕು, ಒದೆತ ಮೇಲಿರಬೇಕು. ಹದಿನೈದರ ಮೈಗೆ ಅದು ಕಷ್ಟವೇನಲ್ಲ.

ಆಮೇಲೆ ಒಂಬತ್ತು ವರ್ಷ ಒಬ್ಬ ಹಿರಿಯ ಗುರುಗಳ ಹತ್ತಿರ ಯಾಂಗ್ ಶೈಲಿಯ ಉದ್ದ ಸರಣಿ ಕಲಿತರು. ಆ ಗುರುಗಳು ಮಾತು ಕಡಿಮೆ. ಅವರು ಮುಂದೆ ಮಾಡುತ್ತಾರೆ, ಇವರು ಹಿಂದೆ ನಿಂತು ಮಾಡುತ್ತಾರೆ. ಏನಾದರೂ ಕೇಳಿದರೆ ಅದೇ ಚಲನೆಯನ್ನು ಇನ್ನೊಂದು ಸಲ ಮಾಡಿ ತೋರಿಸುತ್ತಿದ್ದರಂತೆ, ಅಷ್ಟೇ ಉತ್ತರ. ಇದು ಹಳೇ ಪದ್ಧತಿ. ಇದನ್ನು ನಾನು ಕೆಟ್ಟದ್ದು ಅನ್ನಲ್ಲ. ದಿನಾ ಬರುವ, ವರ್ಷಗಟ್ಟಲೆ ಬರುವ, ಮೈ ಗಟ್ಟಿಯಿರುವ ಶಿಷ್ಯರಿಗೆ ಅದರಿಂದ ಸಿಗುವುದು ಮಾತಿನಿಂದ ಸಿಗಲ್ಲ. ಮೇಡಂ ಹೆಜ್ಜೆ ಇಡುವುದನ್ನು ಮೊದಲ ಸಲ ನೋಡಿದಾಗ ನನಗೆ ಅದು ಗೊತ್ತಾಯಿತು. ಮರದ ನೆಲ, ಕೂತವರ ಉಸಿರು ಕೇಳುವಷ್ಟು ಶಾಂತ. ಅವರ ಹಿಮ್ಮಡಿ ನೆಲಕ್ಕೆ ತಾಗಿತು, ಆಮೇಲೆ ಪಾದದ ಹೊರ ಅಂಚು, ಆಮೇಲೆ ಬೆರಳುಗಳು. ಸದ್ದೇ ಇಲ್ಲ. ತೂಕ ಮಾತ್ರ ಇನ್ನೂ ಹಿಂದಿನ ಕಾಲಲ್ಲೇ ಇತ್ತು. ಬೇಕಿದ್ದರೆ ಆ ಕ್ಷಣದಲ್ಲಿ ಮುಂದಿನ ಕಾಲನ್ನು ಹಾಗೇ ವಾಪಸ್ ತೆಗೆದುಕೊಳ್ಳಬಹುದಿತ್ತು.

ಇಷ್ಟು ಕಲಿತವರು, ಇಷ್ಟು ಚೆನ್ನಾಗಿ ಮಾಡುವವರು, ಕಲಿಸುವಾಗ ಎಡವಿದರು. ಅದು ಹೇಗೆ ಅನ್ನುವುದೇ ಈ ಪ್ರಕರಣ.

ಯೋಜನೆ

14 ಜನರಲ್ಲಿ ಚಿಕ್ಕವರಿಗೆ 55, ದೊಡ್ಡವರಿಗೆ 76. ಹೆಚ್ಚಿನವರು ಬಂದದ್ದು ಬೀಳುವ ಭಯಕ್ಕೆ, ಇಲ್ಲವೇ ಮಂಡಿ ನೋವಿಗೆ, ಇಲ್ಲವೇ ಡಾಕ್ಟರ್ ಏನಾದರೂ ವ್ಯಾಯಾಮ ಮಾಡಿ ಅಂದಿದ್ದಕ್ಕೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. 12 ವಾರದಲ್ಲಿ 24 ಚಲನೆಗಳ ಸರಣಿ ಮುಗಿಸುವುದು ಅಂತ ಮೇಡಂ ಹಾಕಿಕೊಂಡ ಲೆಕ್ಕ. ವಾರಕ್ಕೆ ಎರಡು.

24ರ ಸರಣಿಯನ್ನು ಆರಿಸಿಕೊಂಡಿದ್ದು ತಪ್ಪಲ್ಲ. ಜಗತ್ತಿನಲ್ಲಿ ಜಾಸ್ತಿ ಜನ ಕಲಿಯುವ ತೈ ಚಿ ಅದೇ ಇರಬೇಕು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯ ಉದ್ದ ಸರಣಿಯನ್ನು ಕತ್ತರಿಸಿ, ಮತ್ತೆ ಮತ್ತೆ ಬರುವುದನ್ನು ತೆಗೆದು, ಸಾಮಾನ್ಯ ಜನರಿಗೆ ಅಂತ ಮಾಡಿದ್ದು. ರೂಢಿಯಾದವರು ಐದಾರು ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಚಿಕ್ಕದು ಅಂದಮಾತ್ರಕ್ಕೆ ಸುಲಭ ಅಲ್ಲ. ಅದರಲ್ಲಿ ಒಂಟಿ ಕಾಲಲ್ಲಿ ನಿಂತು ಒದೆಯುವುದಿದೆ, 16 ಮತ್ತು 17ನೇ ಚಲನೆಯಲ್ಲಿ ಒಂದು ಕಾಲು ಪೂರ್ತಿ ಚಾಚಿ ನೆಲಕ್ಕೆ ಇಳಿದು ಅಲ್ಲಿಂದಲೇ ಒಂಟಿ ಕಾಲಿಗೆ ಏಳುವುದಿದೆ. ಮಂಡಿ ನೋವು ಅಂತ ಬಂದ 70ರ ಹೆಂಗಸಿಗೆ 8ನೇ ವಾರದಲ್ಲಿ ಅದನ್ನು ಹೇಳಿಕೊಡುವ ಯೋಜನೆ ಇತ್ತು ಅಂತ ಈಗ ನೆನೆಸಿಕೊಂಡರೆ ನನಗೇ ಎದೆ ಝಲ್ ಅನ್ನುತ್ತದೆ. ಆವತ್ತು ನನಗೂ ಏನೂ ಅನ್ನಿಸಲಿಲ್ಲ. ಎಲ್ಲರೂ ಹಾಗೇ ಕಲಿಸುತ್ತಾರಲ್ವಾ ಅಂದುಕೊಂಡಿದ್ದೆ.

ಮೊದಲ ದಿನ ಮೇಡಂ ಒಂದು ಮಾತು ಹೇಳಿದರು. ತೈ ಚಿ ಮಾಡಿದರೆ ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆ ಅಂತ ಸಂಶೋಧನೆ ಆಗಿದೆ ಅಂತ. ಮಾತು ಸರಿಯೇ. ಮುಂದೆ ಇದೇ ಮಾತು ತಿರುಗಿ ಬರುತ್ತದೆ, ನೆನಪಿಟ್ಟುಕೊಳ್ಳಿ.

ಐದನೇ ವಾರ

ಐದನೇ ವಾರಕ್ಕೆ 14 ಇದ್ದವರು 10 ಆಗಿದ್ದರು. ನಾಲ್ವರು ಬಿಟ್ಟಿದ್ದರು. ಊರಿಗೆ ಹೋಗಬೇಕು, ಮನೆಯಲ್ಲಿ ಕೆಲಸ, ಹೀಗೆ ಕಾರಣ ಹೇಳಿದರು. ನಾವು ನಂಬಿದೆವು.

ಉಳಿದವರಲ್ಲಿ ಒಬ್ಬರು 68ರ ಹಿರಿಯರು. ತುಂಬಾ ಶ್ರದ್ಧೆ. ಮನೆಯಲ್ಲೂ ದಿನಾ ಅಭ್ಯಾಸ. ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದರು, ಮೇಡಂ ಎಷ್ಟು ಕೆಳಗೆ ಇಳಿಯುತ್ತಾರೋ ಅಷ್ಟೇ ಇಳಿಯಬೇಕು ಅಂತ ಅವರ ಹಟ. ಐದನೇ ವಾರ ಎರಡನೇ ದಿನ ತರಗತಿ ಮುಗಿದ ಮೇಲೆ ಅವರು ಗೋಡೆ ಹಿಡಿದುಕೊಂಡು ಶೂ ಹಾಕಿಕೊಳ್ಳುತ್ತಿದ್ದರು. ಏನಾಯ್ತು ಸರ್ ಅಂದೆ. ಬಲ ಮಂಡಿಯ ಒಳಬದಿಯನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. ಎರಡು ವಾರದಿಂದ ಇದೆಯಂತೆ. ಮೆಟ್ಟಿಲು ಇಳಿಯುವಾಗ ಜಾಸ್ತಿ. ಹೇಳಿದರೆ ತರಗತಿ ಬಿಡಿಸಿಬಿಡುತ್ತೀರಿ ಅಂತ ಹೇಳಿರಲಿಲ್ಲ ಅಂದರು.

ಮುಂದಿನ ದಿನ ನಾನು ಅವರ ಪಕ್ಕದಲ್ಲೇ ಕೂತು ನೋಡಿದೆ. ಮಂಡಿ ಸವರಿ ಹೆಜ್ಜೆ ಇಡುವ ನಾಲ್ಕನೇ ಚಲನೆ ಇದೆಯಲ್ಲ, ಅದನ್ನು ಮಾಡುತ್ತಿದ್ದರು. ಬಲಗಾಲು ಮುಂದೆ, ತೂಕ ಅದರ ಮೇಲೆ, ಮಂಡಿ ಬೆರಳುಗಳನ್ನೂ ದಾಟಿ ಮುಂದೆ ಹೋಗಿದೆ. ಈಗ ಪಾದವನ್ನು ಹೊರಗೆ ತಿರುಗಿಸಬೇಕು. ಅವರು ತೂಕವನ್ನು ಹಿಂದಕ್ಕೆ ತರಲಿಲ್ಲ. ಮೈಭಾರವೆಲ್ಲ ಮೇಲಿರುವಾಗಲೇ ಪಾದವನ್ನು ತಿಕ್ಕಿ ತಿರುಗಿಸಿದರು. ರಬ್ಬರ್ ಸೋಲ್ ನೆಲಕ್ಕೆ ಹಿಡಿದುಕೊಂಡು ಕಿರ್ ಅಂತು. ಪಾದ ಅರ್ಧ ತಿರುಗಿತು, ಸೊಂಟ ಪೂರ್ತಿ ತಿರುಗಿತು, ಮಂಡಿ ನಡುವೆ ಸಿಕ್ಕಿಕೊಂಡು ಒಳಗೆ ವಾಲಿತು. ಒಂದು ತರಗತಿಯಲ್ಲಿ ಅದು ಐವತ್ತು ಸಲವಾದರೂ ಆಗುತ್ತದೆ.

ಮಂಡಿ ಮುಖ್ಯವಾಗಿ ಮಡಚುವ, ಬಿಚ್ಚುವ ಕೀಲು, ಬಾಗಿಲಿನ ಹಿಂಜಿನ ಹಾಗೆ. ತಿರುಗುವ ಕೆಲಸ ಮೇಲೆ ತೊಡೆಸಂದಿನದ್ದು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲಿನದ್ದು. ತೊಡೆಸಂದು ತಿರುಗದಿದ್ದರೆ ಆ ತಿರುಚು ಮಂಡಿಗೆ ಬರುತ್ತದೆ, ಮೇಲೆ ಭಾರ ಇದ್ದರಂತೂ ಇನ್ನೂ ಕಷ್ಟ. ತೈ ಚಿ ಮಾಡುವವರಲ್ಲಿ ಮಂಡಿ ನೋವು ಬರುವುದಕ್ಕೆ ಬಹಳ ಸಲ ಇದೇ ಕಾರಣ. ಅದಕ್ಕೇ 24ರ ಸರಣಿಯಲ್ಲಿ ಒಂದು ಸಣ್ಣ ಹಂತ ಇಟ್ಟಿದ್ದಾರೆ. ಮೊದಲು ಹಿಂದಕ್ಕೆ ಕೂತಂತೆ ತೂಕ ತೆಗೆ, ಆಮೇಲೆ ಹಗುರಾದ ಪಾದವನ್ನು ತಿರುಗಿಸು, ಆಮೇಲೆ ಮುಂದಕ್ಕೆ ಹೋಗು. ಮೇಡಂ ಇದನ್ನು ಮಾಡುತ್ತಿದ್ದರು. ಆದರೆ ಎಷ್ಟು ನುಣುಪಾಗಿ ಮಾಡುತ್ತಿದ್ದರು ಅಂದರೆ ನೋಡುವವರಿಗೆ ಅದು ಕಾಣುತ್ತಲೇ ಇರಲಿಲ್ಲ. ನೋಡಿ ಕಲಿಯುವವರು ಕಂಡದ್ದನ್ನು ತಾನೇ ಕಲಿಯುವುದು.

ಮೊದಲು ಮಾಡಿದ್ದು, ಕೆಲಸ ಆಗದಿದ್ದು

ಮೇಡಂಗೆ ವಿಷಯ ಹೇಳಿದೆ. ಅವರು ಸುಮ್ನೆ ಕೂರುವವರಲ್ಲ, ಮುಂದಿನ ತರಗತಿಯಲ್ಲೇ ಎಲ್ಲರಿಗೂ ಹೇಳಿದರು. ಜಾಸ್ತಿ ಕೆಳಗೆ ಹೋಗಬೇಡಿ, ಮಂಡಿ ಬೆರಳು ದಾಟದಿರಲಿ, ತೂಕ ತೆಗೆದು ತಿರುಗಿ. ಮೂರು ಸಲ ಹೇಳಿದರು. ಹೇಳಿ ಮುಂದೆ ತಿರುಗಿ ಎಂದಿನಂತೆ ಕೆಳಗೆ ಇಳಿದು ಮಾಡಿದರು. ಹಿರಿಯರೂ ಇಳಿದರು. ಎಲ್ಲರೂ ಇಳಿದರು. ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು ಕೊಟ್ಟರೆ ಮೈ ಕಣ್ಣಿನ ಮಾತನ್ನೇ ಕೇಳುತ್ತದೆ. ಇದನ್ನು ನಾನು ಆ ದಿನ ಕಣ್ಣಾರೆ ಕಂಡೆ.

ಹಿರಿಯರನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದ್ದು ಆ ವಾರದ ಒಳ್ಳೇ ನಿರ್ಧಾರ. ನೋವು ಎರಡು ವಾರ ಇದ್ದರೆ ಶಿಕ್ಷಕರು ಊಹೆ ಮಾಡುತ್ತಾ ಕೂರಬಾರದು. ಅಲ್ಲಿ ಬಂದ ಉತ್ತರ: ಬಿಡಬೇಕಾಗಿಲ್ಲ, ಎತ್ತರ ನಿಂತು ಮಾಡಿ, ತಿರುಗುವಾಗ ಭಾರ ಹಾಕಬೇಡಿ, ತೊಡೆ ಗಟ್ಟಿಯಾಗಲು ಇಷ್ಟು ವ್ಯಾಯಾಮ ಮಾಡಿ. ಹಿರಿಯರು ಬಂದು ಮೇಡಂ ಅವರನ್ನು ನೇರವಾಗಿ ಕೇಳಿದರು, "ತೈ ಚಿ ಮಂಡಿಗೆ ಒಳ್ಳೇದು ಅಂತೀರಿ, ನನಗೆ ಇಲ್ಲಿ ಬಂದೇ ನೋವು ಬಂತು. ಯಾವುದು ನಿಜ ಮೇಡಂ?" ಎರಡೂ ನಿಜ. 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಂಡಿ ಸವೆತ ಇದ್ದ 204 ಜನರಲ್ಲಿ ಅರ್ಧ ಜನಕ್ಕೆ 12 ವಾರ ತೈ ಚಿ, ಇನ್ನರ್ಧ ಜನಕ್ಕೆ ಫಿಸಿಯೋಥೆರಪಿ ಕೊಟ್ಟಿದ್ದರು. ಎರಡೂ ಗುಂಪಿಗೆ ಹೆಚ್ಚುಕಮ್ಮಿ ಒಂದೇ ರೀತಿ ನೋವು ಕಡಿಮೆಯಾಯಿತು. ಆದರೆ ಯಾವ ತೈ ಚಿ, ಎಷ್ಟು ಕೆಳಗೆ, ಯಾರ ಕಣ್ಣ ಮುಂದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೇಡಂ ಆವತ್ತು ಉತ್ತರ ಕೊಡಲಿಲ್ಲ. ಎಲ್ಲರೂ ಹೋದ ಮೇಲೆ ನೆಲದ ಮೇಲೆ ಕೂತು ತಮ್ಮ ಎಡ ಮಂಡಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದರು. ಅದು ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ, ಸಡಿಲ ಪ್ಯಾಂಟಿನ ಒಳಗೆ ಇತ್ತು. ಹನ್ನೊಂದು ವರ್ಷದಿಂದ ನೋವು ಇದೆ ಅಂದರು. ಗುರುಗಳ ಹತ್ತಿರ ಇದ್ದಾಗ ಎತ್ತರ ನಿಂತರೆ ಸೋಮಾರಿ ಅನ್ನುತ್ತಿದ್ದರಂತೆ. ಅದೊಂದು ಮಾತು ಮೈಯೊಳಗೆ ಕೂತುಬಿಟ್ಟಿದೆ ಅಂದರು.

ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಅದು. ಮುಂದಿನ ವಾರ ಮೇಡಂ ಎತ್ತರ ನಿಂತು ಮಾಡಿದರು. ಮಂಡಿ ಒಂದಿಷ್ಟೇ ಬಗ್ಗಿತ್ತು, ಅಷ್ಟೇ. ಅವರಿಗೆ ಅದು ಎಷ್ಟು ಕಷ್ಟವಾಯಿತು ಅಂದರೆ, ನಡುವೆ ಎರಡು ಸಲ ಅಭ್ಯಾಸಬಲದಿಂದ ಕೆಳಗೆ ಇಳಿದು ಮತ್ತೆ ಮೇಲೆ ಬಂದರು. ಯಾರಿಗೂ ಏನೂ ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಇಡೀ ತರಗತಿ ಎತ್ತರ ಬಂತು, ಹಿರಿಯರೂ ಸೇರಿ.

ಫೋನಿನಲ್ಲಿ ಕಂಡಿದ್ದು

ಅದೇ ವಾರ ಎಲ್ಲರ ಒಪ್ಪಿಗೆ ಕೇಳಿ ಒಂದು ಮೂಲೆಯಲ್ಲಿ ಫೋನ್ ಇಟ್ಟು ಇಡೀ ತರಗತಿ ರೆಕಾರ್ಡ್ ಮಾಡಿದೆವು. ಕಲಿಯುವವರ ತಪ್ಪು ನೋಡೋಣ ಅಂತ. ಕಂಡಿದ್ದು ಬೇರೆ.

ಒಂದು ಗಂಟೆಯಲ್ಲಿ 41 ನಿಮಿಷ ಮೇಡಂ ಬೆನ್ನು ಹಾಕಿ ನಿಂತಿದ್ದರು. ಗುರುಗಳು ಹೇಗೆ ನಿಲ್ಲುತ್ತಿದ್ದರೋ ಹಾಗೆ. ಅವರು ಮಾಡುತ್ತಿದ್ದ ಚಲನೆ ಚೆಂದ ಇತ್ತು, ಹಿಂದೆ ಏನಾಗುತ್ತಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು, ಕಲಿಸುವ ಎಲ್ಲರಿಗೂ ಹೇಳಬೇಕು ಅನ್ನಿಸಿದ್ದು. 24ರ ಸರಣಿ ಶುರುವಾದ ಕೂಡಲೇ ಮೈ ಎಡಕ್ಕೆ ತಿರುಗಿ ಎಡಗಡೆಗೆ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಕಾಡುಕುದುರೆಯ ಜೂಲು ಬಿಡಿಸುವ ಎರಡನೇ ಚಲನೆಯಿಂದಲೇ ಹಾಗೆ. ಶಿಕ್ಷಕರು ಮೊದಲು ಎಲ್ಲರ ಮುಂದೆ ಇದ್ದರು. ಎಡಕ್ಕೆ ತಿರುಗಿದ ಮೇಲೆ ಅವರು ಎಲ್ಲಿ? ಎಲ್ಲರ ಬಲ ಭುಜದ ಕಡೆ. ವಿಡಿಯೋದಲ್ಲಿ ಹತ್ತು ಜನರೂ ಕಾಲನ್ನು ಎಡಕ್ಕೆ ಇಡುತ್ತಾ, ಕತ್ತನ್ನು ಬಲಕ್ಕೆ ತಿರುಚಿಕೊಂಡು ಮೇಡಂ ಅವರನ್ನು ನೋಡುತ್ತಿದ್ದರು. ಬೀಳುವ ಭಯಕ್ಕೆ ಬಂದ ಜನ, ಹೆಜ್ಜೆ ಇಡುವಾಗ ಹೆಜ್ಜೆ ಹೋಗುವ ಕಡೆಗೆ ನೋಡುತ್ತಿಲ್ಲ! ನೀವೇ ನಿಂತು ಮಾಡಿ ನೋಡಿ, ತಲೆ ಒಂದು ಕಡೆ, ಹೆಜ್ಜೆ ಒಂದು ಕಡೆ ಇದ್ದರೆ ಯಾವ ವಯಸ್ಸಿನವರಾದರೂ ತೂಗಾಡುತ್ತಾರೆ. ಹಿರಿಯರ ಮಂಡಿ ಒಳಗೆ ವಾಲುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಈಗ ಅನ್ನಿಸುತ್ತದೆ. ಮೇಲೆ ಮೈ ಬಲಕ್ಕೆ ಎಳೆಯುತ್ತಿತ್ತು, ಕೆಳಗೆ ಕಾಲು ಎಡಕ್ಕೆ ಹೋಗುತ್ತಿತ್ತು.

ಪರಿಹಾರ ಸರಳ. ಎಡಕ್ಕೆ ಹೋಗುವ ಚಲನೆಗೆ ಮುಂಚೆ ಮೇಡಂ ಎಡ ತುದಿಗೆ ಹೋಗಿ ನಿಲ್ಲುವುದು, ಹಿಂದಕ್ಕೆ ತಿರುಗುವ ಚಲನೆ ಬಂದರೆ ಆ ಕಡೆ ನಾನು ನಿಲ್ಲುವುದು. ಕಲಿಯುವವರು ಯಾವ ಕಡೆ ಹೆಜ್ಜೆ ಇಡುತ್ತಾರೋ ಆ ಕಡೆ ಒಬ್ಬರು ಕಾಣಬೇಕು. ಒಬ್ಬರೇ ಕಲಿಸುವುದಾದರೆ ಚಲನೆ ನಿಲ್ಲಿಸಿ, ಜಾಗ ಬದಲಿಸಿ, ಮತ್ತೆ ಶುರು ಮಾಡಿ. ಹರಿವು ಕೆಡುತ್ತದೆ ನಿಜ. ಕಲಿಯುವಾಗ ಕೆಡಲಿ ಬಿಡಿ.

ಒಂದು ಪ್ರಶ್ನೆ

ಎಂಟನೇ ವಾರ. ಆ ಹೊತ್ತಿಗೆ ನಾವು 16ನೇ ಚಲನೆಗೆ ಬರಬೇಕಿತ್ತು, ಬಂದಿದ್ದು 9ಕ್ಕೆ. ಮೇಡಂ ಗಡಿಬಿಡಿಯಲ್ಲಿದ್ದರು. ಆಗ ಕಲಿಯುವವರಲ್ಲೇ ಒಬ್ಬರು, ನಿವೃತ್ತ ಗಣಿತ ಮೇಷ್ಟ್ರು, ಕೇಳಿದರು: "ಮೇಡಂ, ಮೊದಲ ದಿನ ಸಂಶೋಧನೆ ಅಂದಿರಲ್ಲ, ಅದರಲ್ಲಿ ಎಷ್ಟು ಚಲನೆ ಎಷ್ಟು ವಾರದಲ್ಲಿ ಹೇಳಿಕೊಟ್ಟಿದ್ದರು?"

ಮೇಡಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದರು, ಹುಡುಕಿ ಹೇಳುತ್ತೇನೆ ಅಂದರು. ಆ ರಾತ್ರಿ ಇಬ್ಬರೂ ಕೂತು ಓದಿದೆವು. 2018ರಲ್ಲಿ ಪ್ರಕಟವಾದ ಅಧ್ಯಯನ ಅದು. 70 ದಾಟಿದ, ಬೀಳುವ ಅಪಾಯ ಜಾಸ್ತಿ ಇದ್ದ 670 ಜನ. ತೈ ಚಿಯಿಂದ ಮಾಡಿದ ಕಾರ್ಯಕ್ರಮದಲ್ಲಿದ್ದವರು ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ 58% ಕಡಿಮೆ ಸಲ ಬಿದ್ದಿದ್ದರು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಆ ಕಾರ್ಯಕ್ರಮದಲ್ಲಿ ಇದ್ದದ್ದು 24ರ ಸರಣಿಯಿಂದ ತೆಗೆದು ಬದಲಿಸಿಕೊಂಡ 8 ಚಲನೆ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ.

8 ಚಲನೆಗೆ 24 ವಾರ. ನಾವು 24 ಚಲನೆಗೆ 12 ವಾರ ಇಟ್ಟುಕೊಂಡು, ಆ ಅಧ್ಯಯನದ ಫಲ ನಿಮಗೂ ಸಿಗುತ್ತದೆ ಅಂತ ಜನರಿಗೆ ಹೇಳಿದ್ದೆವು. ಮೇಡಂ ತುಂಬಾ ಹೊತ್ತು ಮಾತಾಡಲಿಲ್ಲ.

ಅವರಿಗೆ ಅಡ್ಡ ಬಂದದ್ದು ಗುರುಗಳ ನೆನಪು. ಸರಣಿ ಕತ್ತರಿಸುವುದು ಪರಂಪರೆಗೆ ಅಗೌರವ ಅನ್ನುವ ಭಾವನೆ. ನಾನು ಆಗ ಒಂದಿಷ್ಟು ಇತಿಹಾಸ ನೆನಪಿಸಿದೆ. ತೈ ಚಿ ಒಂದೇ ರೂಪದಲ್ಲಿ ಉಳಿದು ಬಂದದ್ದಲ್ಲ. ಹೆನಾನ್ ಪ್ರಾಂತ್ಯದ ಚೆನ್ ಮನೆತನದವರ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ ಅದನ್ನು ಬೀಜಿಂಗ್‌ಗೆ ತಂದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ನಿಧಾನ ಮಾಡಿ, ಸಮ ಮಾಡಿ, ಸಾಮಾನ್ಯ ಜನರೂ ಮಾಡುವ ಹಾಗೆ ಮಾಡಿದರು. ಅವರ ಶಿಷ್ಯ ಝೆಂಗ್ ಮಾನ್‌ಚಿಂಗ್ ಅದನ್ನೇ 37 ಚಲನೆಗೆ ಇಳಿಸಿದರು. ಆಮೇಲೆ 1956ರ 24. ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡಿ ಬದಲಿಸಿದವರೇ ಪರಂಪರೆಯಲ್ಲಿ ಎಲ್ಲ ಕಡೆ ಇದ್ದಾರೆ. ಮೇಡಂ ಒಪ್ಪಿದರು ಅಂತ ಹೇಳಲಾರೆ. ಆದರೆ ಮರುದಿನ ತರಗತಿಯಲ್ಲಿ ಗಣಿತ ಮೇಷ್ಟ್ರ ಪ್ರಶ್ನೆಗೆ ಎಲ್ಲರ ಮುಂದೆ ಉತ್ತರ ಕೊಟ್ಟರು. ತಮ್ಮ ಲೆಕ್ಕ ತಪ್ಪಿತ್ತು ಅಂದರು. ಇನ್ನೂ 14 ವಾರ ಸೇರಿಸಿ ಒಟ್ಟು 26 ವಾರ ಮಾಡೋಣವಾ, 8 ಚಲನೆ ಮಾತ್ರ ಕಲಿಯೋಣವಾ ಅಂತ ಕೇಳಿದರು. ಎಲ್ಲರೂ ಹೂಂ ಅಂದರು. ಹಿರಿಯರು ಮಾತ್ರ ಸ್ವಲ್ಪ ಸಪ್ಪಗಾದರು.

ಇನ್ನೊಂದು ತಪ್ಪು

ಇಲ್ಲಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ಅತಿಯಿಂದ ಮೇಡಂ ಇನ್ನೊಂದು ಅತಿಗೆ ಹೋದರು. ಅಡಿಪಾಯ ಗಟ್ಟಿಯಾಗಬೇಕು ಅಂತ 9, 10, 11ನೇ ವಾರ ಪೂರ್ತಿ ನಿಲ್ಲುವುದು ಮತ್ತೆ ತೂಕ ಬದಲಿಸುವುದು, ಇಷ್ಟೇ. ಮರ ಅಪ್ಪಿದಂತೆ ಕೈ ಹಿಡಿದು ನಿಲ್ಲುವುದು, ಎಡಕ್ಕೆ ತೂಕ, ಬಲಕ್ಕೆ ತೂಕ. ಸಿದ್ಧಾಂತದಲ್ಲಿ ತಪ್ಪಿಲ್ಲ. ಯಾಂಗ್ ಚೆಂಗ್‌ಫು ಹೇಳಿದ ಹತ್ತು ಸೂತ್ರಗಳಲ್ಲಿ ನಾಲ್ಕನೆಯದೇ ಖಾಲಿ ಯಾವುದು, ತುಂಬಿದ್ದು ಯಾವುದು ಅಂತ ಬೇರೆ ಮಾಡು ಅನ್ನುವುದು. ಯಾವ ಕಾಲಲ್ಲಿ ತೂಕ ಇದೆ, ಯಾವುದರಲ್ಲಿ ಇಲ್ಲ ಅಂತ ಮೈಗೆ ತಿಳಿಯುವುದು.

ಆದರೆ ಜನ ಬೇಸತ್ತರು. 11ನೇ ವಾರ ಒಬ್ಬರು ಬಂದು, ನಾನು ತೈ ಚಿ ಕಲಿಯಲು ಬಂದಿದ್ದು, ಬಸ್ಸಿಗೆ ಕಾದ ಹಾಗೆ ನಿಲ್ಲಲು ಅಲ್ಲ ಅಂತ ಹೇಳಿ ಬಿಟ್ಟೇಬಿಟ್ಟರು. ಅವರು ಹೇಳಿದ್ದು ನ್ಯಾಯ. ಕೈ ಬೀಸಿ, ತಿರುಗಿ, ಏನೋ ಒಂದು ಚೆಂದದ್ದು ತನ್ನ ಮೈಯಿಂದ ಮೂಡುತ್ತಿದೆ ಅನ್ನುವ ಖುಷಿಗೆ ಜನ ಬರುತ್ತಾರೆ. ಅದನ್ನು ಕಿತ್ತುಕೊಂಡರೆ ಅವರು ಯಾಕೆ ಇರಬೇಕು?

12ನೇ ವಾರದಿಂದ ಮೇಡಂ ಒಂದು ಹದಕ್ಕೆ ಬಂದರು. ಮೊದಲ ಹದಿನೈದು ನಿಮಿಷ ನಿಲ್ಲುವುದು, ತೂಕ ಬದಲಿಸುವುದು. ಆಮೇಲೆ ಒಂದೇ ಚಲನೆ, ಆದರೆ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಾ. ಮೋಡದ ಕೈ ಅನ್ನುವ ಪಕ್ಕಕ್ಕೆ ಸರಿಯುವ ಚಲನೆಯನ್ನು ಹೀಗೆ ಇಡೀ ಕೋಣೆ ದಾಟಿ ಮಾಡಿದಾಗ ಕೆಲವರ ಮುಖದಲ್ಲಿ ನಗು ಬಂತು. ಕೊನೆಗೆ ಇಲ್ಲಿಯವರೆಗೆ ಗೊತ್ತಿರುವಷ್ಟನ್ನು ಸೇರಿಸಿ ಎರಡು ಸಲ, ಮಾತಿಲ್ಲದೆ. ಈ ಕೊನೆಯ ಭಾಗದಲ್ಲಿ ಮೇಡಂ ತಾವು ಮಾಡುತ್ತಿರಲಿಲ್ಲ. ನಡೆದಾಡುತ್ತಾ ನೋಡುತ್ತಿದ್ದರು. ಯಾರಾದರೂ ಮರೆತರೆ ಆಗ ಮಾತ್ರ ಪಕ್ಕಕ್ಕೆ ಹೋಗಿ ಒಂದು ಹೆಜ್ಜೆ ಜೊತೆಗೆ ಹಾಕುತ್ತಿದ್ದರು.

ಮಾತು ಬದಲಾಯಿತು

ಸಡಿಲ ಬಿಡಿ. ಈ ಒಂದು ಮಾತನ್ನು ತೈ ಚಿ ಕಲಿಸುವವರು ದಿನಕ್ಕೆ ನೂರು ಸಲ ಹೇಳುತ್ತೇವೆ. ಚೀನೀ ಭಾಷೆಯಲ್ಲಿ ಅದು ಸಾಂಗ್. ಬಿಗಿ ಬಿಡುವುದು, ಆದರೆ ಕುಸಿಯುವುದಲ್ಲ. ಮೇಡಂ ಸಡಿಲ ಬಿಡಿ ಅಂದಾಗ ತರಗತಿಯಲ್ಲಿ ಏನಾಗುತ್ತಿತ್ತು ಅಂದರೆ, ಅರ್ಧ ಜನ ಬೆನ್ನು ಗೂನು ಮಾಡಿ ಕುಸಿಯುತ್ತಿದ್ದರು, ಇನ್ನರ್ಧ ಜನ ಸಡಿಲ ಬಿಡಲು ಕಷ್ಟಪಟ್ಟು ಇನ್ನೂ ಬಿಗಿಯಾಗುತ್ತಿದ್ದರು.

ಆ ಮಾತು ಬಿಟ್ಟು ಮೈಯ ಒಂದೊಂದು ಜಾಗಕ್ಕೆ ಒಂದೊಂದು ಕೆಲಸ ಹೇಳಲು ಶುರು ಮಾಡಿದರು. ಮೊಣಕೈ ನೆಲದ ಕಡೆ ತೂಗಲಿ. ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ಹಿಡಿದಿದ್ದಾರೆ ಅಂದುಕೊಳ್ಳಿ. ಹಿಮ್ಮಡಿ ಇಡಿ, ಆದರೆ ನೆಲದ ಮೇಲೆ ಹಾಳೆ ಇದೆ, ಹರಿಯಬಾರದು. ಈ ಹಾಳೆಯ ಮಾತು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹಾಳೆ ಹರಿಯದಂತೆ ಹಿಮ್ಮಡಿ ಇಡಬೇಕು ಅಂದರೆ ತೂಕ ಹಿಂದಿನ ಕಾಲಲ್ಲೇ ಇರಬೇಕು, ಬೇರೆ ದಾರಿಯಿಲ್ಲ. ನಾಲ್ಕನೇ ಸೂತ್ರ ಹಾಗೇ ಕಾಲಿಗೆ ಇಳಿಯಿತು. ತಿರುಗಲಿಕ್ಕೂ ಒಂದು ಮಾತು ಸಿಕ್ಕಿತು: "ಬೆರಳು ಎತ್ತಿ, ಆಮೇಲೆ ತಿರುಗಿ." ಮುಂದಿನ ಪಾದದ ಬೆರಳು ಎತ್ತಬೇಕು ಅಂದರೆ ಅದರ ಮೇಲಿನ ಭಾರ ತೆಗೆಯಲೇಬೇಕು. ಭಾರ ತೆಗೆಯಿರಿ ಅಂತ ಎರಡು ತಿಂಗಳು ಹೇಳಿ ಆಗದ ಕೆಲಸ ಇದರಿಂದ ಒಂದೇ ದಿನದಲ್ಲಿ ಆಯಿತು.

ಮೈ ಮುಟ್ಟಿ ತಿದ್ದುವ ವಿಷಯದಲ್ಲೂ ಒಂದು ಬದಲಾವಣೆ. ಮೊದಲು ಮೇಡಂ ಸೀದಾ ಹೋಗಿ ಭುಜ ಹಿಡಿದು ಸರಿ ಮಾಡುತ್ತಿದ್ದರು. ಈಗ ಮುಟ್ಟಬಹುದಾ ಅಂತ ಕೇಳುತ್ತಾರೆ. ಬೇಡ ಅಂದವರಿಗೆ ತಮ್ಮ ಭುಜದ ಮೇಲೆ ತೋರಿಸುತ್ತಾರೆ.

ಬಿಟ್ಟುಹೋದ ಒಬ್ಬರು

15ನೇ ವಾರದ ಹೊತ್ತಿಗೆ ಮೇಡಂ ಮೊದಲು ಬಿಟ್ಟುಹೋದ ನಾಲ್ವರಿಗೆ ಫೋನ್ ಮಾಡಿದರು. ವಾಪಸ್ ಬನ್ನಿ ಅನ್ನಲು ಅಲ್ಲ, ಏನಾಗಿತ್ತು ಅಂತ ಕೇಳಲು. ಇಬ್ಬರು ಎತ್ತಲಿಲ್ಲ. ಒಬ್ಬರಿಗೆ ನಿಜಕ್ಕೂ ಮನೆಯಲ್ಲಿ ಕೆಲಸವೇ ಇತ್ತು.

ನಾಲ್ಕನೆಯವರು 72ರ ಹೆಂಗಸು. ಅವರು ಹೇಳಿದ್ದನ್ನು ಮೇಡಂ ಸ್ಪೀಕರ್‌ನಲ್ಲಿ ನನಗೂ ಕೇಳಿಸಿದರು. "ನಾನು ಎರಡನೇ ಸಾಲಿನಲ್ಲಿ ನಿಲ್ತಿದ್ದೆ ಕಣಮ್ಮ. ನಿನ್ನ ಕಾಲು ನನಗೆ ಒಂದು ದಿನವೂ ಕಾಣಲಿಲ್ಲ. ಮುಂದಿದ್ದವರ ಬೆನ್ನು ನೋಡಿಕೊಂಡು ಮಾಡ್ತಿದ್ದೆ. ನನ್ನಿಂದ ಆಗಲ್ಲ ಅಂತ ಬಿಟ್ಟೆ."

ಅವರು ಮತ್ತೆ ಬರಲಿಲ್ಲ. ಮೇಡಂ ಕರೆದರು, ಇನ್ನು ಬೇಡಮ್ಮ ಅಂದರು. ಬಿಡುವವರೆಗೂ ಅವರು ನನ್ನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದರು. ಅವರಿಗೆ ಕಾಣುತ್ತಿದೆಯಾ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ತರಗತಿ ಬಿಟ್ಟವರು ಶಿಸ್ತಿಲ್ಲದವರು ಅಂತ ಅಂದುಕೊಳ್ಳುವ ಶಿಕ್ಷಕರನ್ನು ನಾನು ಬಹಳ ನೋಡಿದ್ದೇನೆ, ನಾನೂ ಹಾಗೇ ಅಂದುಕೊಂಡಿದ್ದೆ. ಬಿಟ್ಟವರಿಗೆ ಒಂದು ಫೋನ್ ಮಾಡಿ. ಉಳಿದವರು ನಿಮಗೆ ಇದನ್ನು ಹೇಳುವುದಿಲ್ಲ, ಯಾಕಂದರೆ ಅವರಿಗೆ ಕಾಣುತ್ತಿದೆ.

ಆಮೇಲೆ ಸಾಲು ತೆಗೆದುಬಿಟ್ಟೆವು. ಅರ್ಧ ವೃತ್ತದಲ್ಲಿ ನಿಲ್ಲುವುದು, ಅರ್ಧ ತರಗತಿ ಆದಾಗ ಜಾಗ ಅದಲು ಬದಲು ಮಾಡುವುದು.

26ನೇ ವಾರಕ್ಕೆ

9 ಜನ ಉಳಿದರು. ಎಂಟೂ ಚಲನೆಗಳನ್ನು ಯಾರನ್ನೂ ನೋಡದೆ ಮಾಡಬಲ್ಲವರು 7 ಜನ. ಉಳಿದ ಇಬ್ಬರಿಗೆ ಪಕ್ಕದಲ್ಲಿ ಒಬ್ಬರು ಬೇಕು, ಅದರಿಂದ ಏನೂ ತೊಂದರೆ ಇಲ್ಲ. ಈ ಅವಧಿಯಲ್ಲಿ ಯಾರೂ ಬೀಳಲಿಲ್ಲ, ಆದರೆ ಒಂಬತ್ತು ಜನರ ಆರು ತಿಂಗಳನ್ನು ನೋಡಿ ಅದು ತೈ ಚಿಯಿಂದಲೇ ಅಂತ ಹೇಳುವುದು ತಪ್ಪಾಗುತ್ತದೆ.

ಹಿರಿಯರ ಮಂಡಿ ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಈಗ ಕಂಬಿ ಹಿಡಿಯುವುದಿಲ್ಲ ಅಂದರು. ಫಿಸಿಯೋಥೆರಪಿ ವ್ಯಾಯಾಮವನ್ನೂ ಅವರು ತಪ್ಪದೆ ಮಾಡಿದ್ದಾರೆ, ಹಾಗಾಗಿ ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಆಗಲ್ಲ. ನಾನು ನೋಡಿದ್ದು ಇಷ್ಟು: ಮಂಡಿ ಸವರಿ ಹೆಜ್ಜೆ ಇಡುವಾಗ ಅವರ ಮುಂದಿನ ಪಾದದ ಬೆರಳು ಮೇಲೇಳುತ್ತದೆ, ತೊಡೆಸಂದು ತಿರುಗುತ್ತದೆ, ಪಾದ ಅದರ ಜೊತೆ ಹೋಗುತ್ತದೆ. ಸೋಲ್ ಸದ್ದು ಮಾಡುವುದಿಲ್ಲ.

ಮೇಡಂ ಗುರುಗಳನ್ನು ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಬೆಳಿಗ್ಗೆ ತಾವೊಬ್ಬರೇ ಉದ್ದ ಸರಣಿ ಮಾಡುತ್ತಾರೆ, ಈಗ ಸ್ವಲ್ಪ ಎತ್ತರ ನಿಂತು. ಮೊದಲು ಅಭ್ಯಾಸದಲ್ಲಿ ಏನಿತ್ತೋ ಅದೇ ಕಲಿಸುವಾಗಲೂ ಬರುತ್ತಿತ್ತು. ಈಗ ಎರಡನ್ನೂ ಬೇರೆ ಮಾಡಿದ್ದಾರೆ. ತನಗೆ ಏನು ಬರುತ್ತದೆ ಅನ್ನುವುದನ್ನು ಬದಿಗಿಟ್ಟು, ಎದುರಿಗಿರುವವರಿಗೆ ಏನು ಕಾಣುತ್ತಿದೆ ಅಂತ ನೋಡುವುದು ಅವರಿಗೆ 42ರ ಸರಣಿ ಕಲಿತದ್ದಕ್ಕಿಂತ ಕಷ್ಟವಾಯಿತು ಅಂತ ಅವರೇ ಹೇಳಿದರು.

ಮುಂದಿನ ತಂಡ ಶುರುವಾಗಿದೆ. 8 ಚಲನೆ, 24 ವಾರ ಅಂತ ಮೊದಲೇ ಹೇಳಿದ್ದೇವೆ. ಹಳೇ ತಂಡದವರಲ್ಲಿ ಆರು ಜನ ಒಂಬತ್ತನೇ ಚಲನೆ ಕಲಿಸಿ ಅಂತ ಕೂತಿದ್ದಾರೆ. ಹಿರಿಯರು ಕೇಳುತ್ತಿರುವುದು 16ನೆಯದು, ನೆಲಕ್ಕೆ ಇಳಿದು ಏಳುವುದು. ಮೇಡಂ ಇನ್ನೂ ಉತ್ತರ ಕೊಟ್ಟಿಲ್ಲ. ಮೊನ್ನೆ ಅವರಿಬ್ಬರೂ ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಇಟ್ಟುಕೊಂಡು, ಅದರ ಬೆನ್ನು ಹಿಡಿದು ಎಷ್ಟು ಇಳಿದರೆ ಮಂಡಿ ಸುಮ್ಮನಿರುತ್ತದೆ ಅಂತ ಒಂದೊಂದು ಇಂಚು ಇಳಿದು ನೋಡುತ್ತಿದ್ದರು.